ನೀಲಿಯಕ್ಕನ ಬೀದಿಯಿಂದ ಹೋದ ಸೊನ್ನೆ

ಚಳಿ ಬಂತೆಂದರೆ ಬೀದಿಗೆ ಕೆಮ್ಮು ಬಂತೆಂದೇ ಲೆಕ್ಕ. ಈ ಮನೆಯಲ್ಲಿ ತಾತ ಕೆಮ್ಮಿದರೆ, ಎದುರು ಮನೆಯಲ್ಲಿ ಮೊಮ್ಮಗ ಉತ್ತರ ಕೊಟ್ಟ ಹಾಗೆ ಕೆಮ್ಮುತ್ತಾನೆ. "ಹವಾ ಬದಲಾಯ್ತಲ್ಲ, ಅದಕ್ಕೇ" ಅಂತ ಎಲ್ಲರೂ ಕಿಟಕಿ ಮುಚ್ಚಿಕೊಳ್ಳುತ್ತಾರೆ. ತಮ್ಮ ಮನೆಯ ಕೆಮ್ಮು ತಮಗೆ ಕೇಳುತ್ತದೆ. ಪಕ್ಕದ ಮನೆಯದು ಕೇಳಿದರೂ ಕೇಳದ ಹಾಗೆ ಇರುತ್ತಾರೆ.

ಆ ವರ್ಷ ಮಾತ್ರ ಇದು ಬರೀ ಹವಾ ಅಲ್ಲ ಅಂತ ಎಲ್ಲರಿಗಿಂತ ಮೊದಲು ಗೊತ್ತಾದದ್ದು ನೀಲಿಯಕ್ಕನಿಗೆ.

ನೀಲಿಯಕ್ಕ ಅನ್ನುವುದು ಅವಳ ನಿಜವಾದ ಹೆಸರಲ್ಲ. ಬೀದಿಯ ಮೂಲೆಯಲ್ಲಿ ಅವಳದೂ ಅವಳ ಗಂಡನದೂ ಒಂದು ಲಾಂಡ್ರಿ. ಹಿತ್ತಲಲ್ಲಿ ಒಗೆಯುವ ಕಲ್ಲು, ಎರಡು ಸಿಮೆಂಟ್ ತೊಟ್ಟಿ, ಬಟ್ಟೆ ಹರವುವ ಹಗ್ಗ. ಮುಂದಿನ ಕೋಣೆಯಲ್ಲಿ ಗಂಡನ ಇಸ್ತ್ರಿ ಮೇಜು. ಬಿಳಿ ಬಟ್ಟೆಗೆ ನೀಲಿ ಹಾಕಿ ಹಾಕಿ ಅವಳ ಬೆರಳ ತುದಿಗಳು ಎಂದೂ ನೀಲಿ. ಅದಕ್ಕೇ ಆ ಹೆಸರು.

ಬಟ್ಟೆಗೆ ಬಾಯಿಲ್ಲ ಅಂತಾರೆ. ಆದರೆ ಅದರ ಹೊಟ್ಟೆಯಲ್ಲಿ ಯಾವ ಗುಟ್ಟೂ ನಿಲ್ಲುವುದಿಲ್ಲ. ಯಾರ ಮನೆಯಲ್ಲಿ ಹೊಸ ಕೆಲಸ ಸಿಕ್ಕಿತು, ಯಾರ ಮನೆಯಲ್ಲಿ ಗಂಡ ಹೆಂಡತಿ ಮಾತು ಬಿಟ್ಟಿದ್ದಾರೆ, ಯಾರ ಮನೆಯ ಮುದುಕರಿಗೆ ಹಾಸಿಗೆಯಲ್ಲೇ ಎಲ್ಲ ಆಗುತ್ತಿದೆ, ಎಲ್ಲವೂ ಗಂಟಿನಲ್ಲಿ ಕಟ್ಟಿಕೊಂಡು ಲಾಂಡ್ರಿಗೆ ಬರುತ್ತದೆ. ಹಾಗಾಗಿ ಆ ಮನೆಯಲ್ಲಿ ಹಿಂದಿನಿಂದ ಒಂದು ಕಟ್ಟುನಿಟ್ಟು. ಅತ್ತೆ ಒಗೆಯುವ ಕಲ್ಲನ್ನು ಸೊಸೆಯ ಕೈಗೆ ಒಪ್ಪಿಸುವಾಗ ಹೇಳಿದ್ದು ಒಂದೇ ಮಾತು: "ಗಂಟು ಬಿಚ್ಚು, ಬಾಯಿ ಬಿಚ್ಚಬೇಡ."

ನೀಲಿಯಕ್ಕ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಿದ್ದಳು. ಒಂದು ಮನೆಯ ಮಾತು ಇನ್ನೊಂದು ಮನೆಗೆ ಅವಳ ಬಾಯಿಂದ ಎಂದೂ ಹೋಗಿರಲಿಲ್ಲ. ಬೀದಿಯವರು ಅವಳನ್ನು ನಂಬಿದ್ದು ಒಗೆತದ ಬಿಳುಪಿಗಿಂತ ಹೆಚ್ಚಾಗಿ ಆ ಮೌನಕ್ಕೆ.

ಆ ಚಳಿಗಾಲದಲ್ಲಿ ಗಂಟುಗಳ ತೂಕ ಬದಲಾಯಿತು. ಶಾಲೆಯ ಅಂಗಿಗಳು ಇಸ್ತ್ರಿಗೆ ಬರುವುದು ಕಡಿಮೆಯಾಯಿತು. ದಿಂಬಿನ ಕವರುಗಳು ಹೆಚ್ಚಾದವು. ಹೊದಿಕೆಗಳು ಬೆವರಿನಲ್ಲಿ ನೆಂದು ಒಣಗಿ, ನೋವಿನ ಮುಲಾಮಿನ ವಾಸನೆ ಹೊತ್ತು ಬಂದವು. ಮೊದಲು ದರ್ಜಿಯ ಮನೆಯಿಂದ. ಆಮೇಲೆ ಅವನ ಪಕ್ಕದ ಮನೆಯಿಂದ. ಆಮೇಲೆ ಆ ಸಾಲಿಗೆ ಸಾಲೇ. ನೀಲಿಯಕ್ಕ ಕರವಸ್ತ್ರಗಳನ್ನು ಬೇರೆ ಮಾಡಿ ಕುದಿಯುವ ನೀರಿಗೆ ಹಾಕುತ್ತಾ ಮನಸ್ಸಿನಲ್ಲೇ ಅಂದುಕೊಂಡಳು, ಇದೇನು, ಎಲ್ಲರಿಗೂ ಒಟ್ಟಿಗೇ?

ಅಂದುಕೊಂಡಳು, ಅಷ್ಟೇ.

ವಾರಕ್ಕೊಮ್ಮೆ ಆರೋಗ್ಯ ಕೇಂದ್ರದಿಂದ ಒಬ್ಬ ಕಾರ್ಯಕರ್ತೆ ಬೀದಿಗೆ ಬರುತ್ತಿದ್ದಳು. ಬಿಸಿಲಿರಲಿ, ಮೋಡವಿರಲಿ, ಕೈಯಲ್ಲೊಂದು ಕರಿ ಛತ್ರಿ. ಎಲ್ಲರೂ ಅವಳನ್ನು ಛತ್ರಿ ಅಕ್ಕ ಅನ್ನುತ್ತಿದ್ದರು. ಆ ದಿನವೂ ಬಂದಳು.

"ಏನಕ್ಕಾ, ಮಳೆಯಿಲ್ಲ, ಬಿಸಿಲಿಲ್ಲ, ಛತ್ರಿ ಯಾಕೆ?" ನೀಲಿಯಕ್ಕನ ಗಂಡ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಕೇಳಿದ.

"ನಾಯಿ ಓಡಿಸೋಕೆ ಅಣ್ಣಾ. ನೀವು ಹೆದರ್ಕೋಬೇಡಿ."

"ಇವಳ ಬಾಯಿಗೆ ಬೀಳಬಾರದಪ್ಪಾ!" ಅಂತ ಅವನು ನಕ್ಕ.

ಛತ್ರಿ ಅಕ್ಕ ಎಂದಿನ ಪ್ರಶ್ನೆ ಕೇಳಿದಳು. "ಮನೇಲಿ, ಅಕ್ಕಪಕ್ಕದಲ್ಲಿ ಯಾರಿಗಾದ್ರೂ ಜ್ವರ, ಕೆಮ್ಮು ಇದ್ಯಾ? ಉಸಿರಾಡೋಕೆ ಕಷ್ಟ? ವಾಂತಿ, ಭೇದಿ? ಮೈಮೇಲೆ ಗುಳ್ಳೆ?"

"ಇದ್ರೆ ಏನ್ ಕೊಡ್ತೀರಿ, ಬಹುಮಾನಾನಾ?" ಅಂದ ಗಂಡ. "ನೆಗಡಿಗೆ ಮದ್ದು ಕುಡಿದ್ರೆ ಒಂದು ವಾರ, ಕುಡೀದಿದ್ರೆ ಏಳು ದಿನ. ಅದನ್ನೂ ಎಣಿಸಿ ಮೇಲಿನವರಿಗೆ ಕಳಿಸ್ತಾರಂತೆ! ಅವರಿಗೆ ಬೇರೆ ಕೆಲಸ ಇಲ್ವಾ?"

"ಒಂದು ನೆಗಡಿ ಎಣಿಸೋಕಲ್ಲ ಅಣ್ಣಾ. ಎಷ್ಟು ಬೀದೀಲಿ, ಎಷ್ಟು ಊರಲ್ಲಿ ಒಟ್ಟಿಗೆ ಎದ್ದಿದೆ ಅಂತ ನೋಡೋಕೆ. ಹಾಲು ಉಕ್ಕಿದ ಮೇಲೆ ಒಲೆ ಹತ್ರ ಓಡೋದಕ್ಕಿಂತ, ಅಂಚಿಗೆ ಬಂದಾಗಲೇ ನೋಡ್ಕೊಂಡ್ರೆ ವಾಸಿ ಅಲ್ವಾ?"

ಅಷ್ಟರಲ್ಲಿ ಮೂಲೆಯಲ್ಲಿ ಗುಂಡಿ ಅಜ್ಜಿ ಕೆಮ್ಮಿದಳು. ಎದುರಿನ ಒಂಟಿ ಕೋಣೆಯ ಮುದುಕಿ ಅವಳು. ಹಗಲೆಲ್ಲ ಲಾಂಡ್ರಿಯಲ್ಲೇ ಕೂತು, ಗಿರಾಕಿಗಳ ಅಂಗಿಯಲ್ಲಿ ಕಿತ್ತುಹೋದ ಗುಂಡಿ ಹೊಲಿಯುತ್ತಿದ್ದಳು. ಯಾರೂ ಕೇಳದಿದ್ದರೂ ಹೊಲಿಯುತ್ತಿದ್ದಳು. ಅಂಗಿ ಕೆಂಪಾದರೂ, ಹಸಿರಾದರೂ ಅವಳ ದಾರ ಒಂದೇ, ಬಿಳಿ.

"ಯಾಕಜ್ಜಿ, ಕೆಮ್ಮಾ?" ಅಂದಳು ಛತ್ರಿ ಅಕ್ಕ.

"ಇಲ್ಲಮ್ಮಾ, ದಾರ ಕಚ್ಚೋವಾಗ ಎಳೆ ಗಂಟಲಿಗೆ ಹೋಯ್ತು."

ಅಜ್ಜಿಗೆ ಎರಡು ದಿನದಿಂದ ಮೈ ಬಿಸಿಯಿತ್ತು. ಅದು ನೀಲಿಯಕ್ಕನಿಗೂ ಗೊತ್ತಿತ್ತು. ಕಾಯಿಲೆ ಅಂದರೆ ಮನೆಯಲ್ಲಿ ಮಲಗು ಅಂತಾರೆ. ಆ ಕೋಣೆಯಲ್ಲಿ ಅಜ್ಜಿಯ ಜೊತೆಗೆ ಮಾತಾಡುವುದಕ್ಕೆ ನಾಲ್ಕು ಗೋಡೆ ಬಿಟ್ಟರೆ ಯಾರಿದ್ದಾರೆ? ಅಜ್ಜಿ ನೀಲಿಯಕ್ಕನ ಕಡೆ ನೋಡಿದಳು. ಹೇಳಬೇಡ ಅನ್ನುವ ನೋಟ.

"ನೀಲಿಯಕ್ಕಾ, ನೀವು ಹೇಳಿ. ಬೀದೀಲಿ ಹೇಗಿದ್ದಾರೆ?"

ನೀಲಿಯಕ್ಕನ ಕೈ ದರ್ಜಿಯ ಮನೆಯ ದಿಂಬಿನ ಕವರಿನ ಮೇಲಿತ್ತು. ಬಾಯಿ ಮಾತ್ರ ಅತ್ತೆಯ ಮಾತು ಕೇಳಿತು.

"ಎಲ್ಲಾ ಚೆನ್ನಾಗಿದ್ದಾರೆ ಅಕ್ಕಾ."

ಛತ್ರಿ ಅಕ್ಕ ಫೋನಿನಲ್ಲಿ ಏನೋ ಒತ್ತಿ, ಮುಂದಿನ ಮನೆಗೆ ಹೋದಳು. ಅಲ್ಲಿಯೂ ಬಾಗಿಲಲ್ಲೇ ಉತ್ತರ ಸಿಕ್ಕಿತು: ಎಲ್ಲಾ ಚೆನ್ನಾಗಿದ್ದೀವಿ. ದರ್ಜಿಯ ಹೆಂಡತಿಯೂ ಅದನ್ನೇ ಹೇಳಿದಳು. ಹೇಳುವಾಗ ಗಂಡನ ಕೆಮ್ಮು ಹೊರಗೆ ಕೇಳದಿರಲಿ ಅಂತ ಹೊಲಿಗೆ ಯಂತ್ರ ತುಳಿಯುವಂತೆ ಮಗಳಿಗೆ ಕಣ್ಸನ್ನೆ ಮಾಡಿದಳಂತೆ. ಇದು ಆಮೇಲೆ ತಿಳಿದದ್ದು. ಮುಂದಿನ ವಾರವೂ ಎಲ್ಲ ಬಾಗಿಲಲ್ಲೂ ಅದೇ ಉತ್ತರ.

ಅದಾದ ಸ್ವಲ್ಪ ದಿನಕ್ಕೆ ನೀಲಿಯಕ್ಕನಿಗೆ ಮಗಳ ಫೋನು ಬಂತು.

ನೀಲಿಯಕ್ಕನ ಒಬ್ಬಳೇ ಮಗಳು ಊರಾಚೆಯ ಬಡಾವಣೆಯಲ್ಲಿದ್ದಳು. ಮುದ್ರಣಾಲಯದಲ್ಲಿ ಕೆಲಸ. ಹೆರಿಗೆ ರಜೆ ಮುಗಿದಿತ್ತು. ಇನ್ನು ಮೇಲೆ ಹಗಲು ಹೊತ್ತು ಕೂಸನ್ನು ಅಮ್ಮನ ಹತ್ತಿರ ಬಿಟ್ಟುಹೋಗುವುದು ಅಂತ ಮಾತಾಗಿತ್ತು. ನೀಲಿಯಕ್ಕ ಹಳೆಯ ಮೆತ್ತನೆ ಬಟ್ಟೆಯನ್ನೆಲ್ಲ ಒಗೆದು, ಮಡಿಸಿ, ಇಸ್ತ್ರಿ ಮೇಜಿನ ಕೆಳಗೆ ತೊಟ್ಟಿಲಿನಂಥ ಒಂದು ಬುಟ್ಟಿ ಸಿದ್ಧ ಮಾಡಿಟ್ಟಿದ್ದಳು.

"ಅಮ್ಮಾ, ನಾಳೆ ಪುಟ್ಟೀನ ಕರ್ಕೊಂಡು ಬರ್ತೀನಿ. ನಮ್ಮ ಪ್ರೆಸ್ಸಲ್ಲಿ ಯಾರೋ ಹೇಳ್ತಿದ್ರು, ಎಲ್ಲಾ ಕಡೆ ಕೆಟ್ಟ ಕೆಮ್ಮು ಹಬ್ಬಿದೆಯಂತೆ. ನಿಮ್ಮ ಬೀದೀಲಿ ಕಾಯಿಲೆ ಗೀಯಿಲೆ ಏನಿಲ್ಲ ತಾನೇ?"

ಆಗ ಲಾಂಡ್ರಿಯ ಬಾಗಿಲಲ್ಲಿ ಗಿರಾಕಿಗಳು ನಿಂತಿದ್ದರು. ದರ್ಜಿಯ ಹೆಂಡತಿಯೂ ಗಂಟು ಹಿಡಿದು ಅಲ್ಲೇ ಇದ್ದಳು. ಅವರೆದುರಿಗೆ ಅವರ ಮನೆಯ ಕಾಯಿಲೆಯನ್ನು ಹೇಗೆ ಹೇಳುವುದು?

"ಇಲ್ಲ ಕಣೇ. ಎಲ್ಲಾ ಚೆನ್ನಾಗಿದ್ದಾರೆ. ಬಾ."

ಬಂದಳು. ಕೂಸು ಬಂತು. ಇಸ್ತ್ರಿಯ ಬಿಸಿಗೆ ಬೆಚ್ಚಗಿದ್ದ ಆ ಕೋಣೆಯಲ್ಲಿ ಎಲ್ಲರ ಮುಖ ಅರಳಿತು. ಗುಂಡಿ ಅಜ್ಜಿ ಬಣ್ಣಬಣ್ಣದ ಗುಂಡಿಗಳನ್ನು ಬಿಳಿ ದಾರಕ್ಕೆ ಪೋಣಿಸಿ, ಗಿಲಕಿಯ ಹಾಗೆ ಅಲ್ಲಾಡಿಸಿದಳು. ಕೂಸು ನಕ್ಕಿತು. ಬಟ್ಟೆ ಕೊಡಲು ಬಂದವರೆಲ್ಲ ಬುಟ್ಟಿಗೆ ಬಗ್ಗಿ, ಕೆನ್ನೆ ಮುಟ್ಟಿ, "ಅಜ್ಜಿ ಮೂಗು ಬಂದಿದೆ ನೋಡು" ಅಂದು ಹೋದರು. ಕೆಲವರು ಕೆಮ್ಮುತ್ತಲೇ ಬಗ್ಗಿದರು. ಯಾರಿಂದ ಯಾರಿಗೆ ಬಂತೋ, ಅದನ್ನು ಯಾರೂ ಹೇಳಲಾರರು.

ವಾರ ಕಳೆಯುವುದರೊಳಗೆ ಗುಂಡಿ ಅಜ್ಜಿ ಬರುವುದನ್ನು ನಿಲ್ಲಿಸಿದಳು. ನೀಲಿಯಕ್ಕನ ಗಂಡ ಬಿಸಿ ಗಂಜಿ ಕೊಟ್ಟುಬಂದ. "ಮುದುಕಿ ಮಾತಾಡೋಕೂ ಏದುಸಿರು ಬಿಡ್ತಾಳೆ ಕಣೇ" ಅಂದ. ಆ ಸಲ ನಗಲಿಲ್ಲ.

ಮರುದಿನ ಬೆಳಗ್ಗೆ ಮಗಳು ಕೂಸನ್ನು ಬಿಡಲು ಬಂದಾಗಲೇ ಅದರ ಮೂಗು ಕಟ್ಟಿತ್ತು. ಮಧ್ಯಾಹ್ನದ ಹೊತ್ತಿಗೆ ಕೂಸು ಹಾಲು ಬಾಯಿಗಿಟ್ಟರೆ ಮುಖ ತಿರುಗಿಸಿತು. ನೀಲಿಯಕ್ಕ ಅಂಗಿ ಬಿಚ್ಚಿ ನೋಡಿದಳು. ಉಸಿರೆಳೆದಾಗಲೆಲ್ಲ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆ ಅರಳಿ ಅರಳಿ ಮುಚ್ಚುತ್ತಿತ್ತು. ತುಟಿಯ ಅಂಚು ನೀಲಿ. ಮೊದಲು ತನ್ನ ಬೆರಳಿನ ಬಣ್ಣ ತಾಗಿತೇನೋ ಅಂದುಕೊಂಡು ಸೆರಗಿನಿಂದ ಒರೆಸಿದಳು. ಬಣ್ಣ ಹೋಗಲಿಲ್ಲ.

"ಏನ್ರೀ! ಇಸ್ತ್ರಿ ಬಿಡಿ! ಆಟೋ ಕರೀರಿ!"

ಆರೋಗ್ಯ ಕೇಂದ್ರದಲ್ಲಿ ನರ್ಸು ಕೂಸನ್ನು ನೋಡಿದವಳೇ ಒಳಗೆ ಓಡಿದಳು. ವೈದ್ಯರು ಇದ್ದ ಸಿಲಿಂಡರಿನಿಂದಲೇ ಹೇಗೋ ಆಮ್ಲಜನಕ ಕೊಡಲು ಶುರುಮಾಡಿದರು. ಆ ಪುಟ್ಟ ಮುಖಕ್ಕೆ ದೊಡ್ಡವರ ಮಾಸ್ಕು ಕೂರುತ್ತಿರಲಿಲ್ಲ.

"ಎಳೆ ಮಕ್ಕಳಿಗೆ ಆಮ್ಲಜನಕ ಕೊಡೋ ಯಂತ್ರ ಎಲ್ಲಿ?" ಅಂತ ನೀಲಿಯಕ್ಕನ ಗಂಡ ಕೂಗಾಡಿದ. "ಇಷ್ಟು ದೊಡ್ಡ ಕಟ್ಟಡ ಕಟ್ಟಿದ್ದೀರಿ, ಅದೊಂದು ಇಡೋಕಾಗಲ್ವಾ?"

"ಇತ್ತು ಅಪ್ಪಾ," ಅಂದಳು ನರ್ಸು. "ಈ ಭಾಗಕ್ಕೆಲ್ಲಾ ಇದ್ದದ್ದು ಒಂದೇ. ಆಚೆ ಊರಿನ ಕೇಂದ್ರದಿಂದ ಕೆಮ್ಮು ಜ್ವರದ ಲೆಕ್ಕ ಜಾಸ್ತಿ ಬಂತು ಅಂತ ಅಲ್ಲಿಗೆ ಕಳಿಸಿದ್ದಾರೆ. ನಿಮ್ಮ ಬೀದಿಗಳಿಂದ ವಾರ ವಾರವೂ ಸೊನ್ನೆ ಬರ್ತಿತ್ತಲ್ಲ."

ಸೊನ್ನೆ. ಆ ಸೊನ್ನೆ ಹುಟ್ಟಿದ್ದು ಎಲ್ಲಿ ಅಂತ ನೀಲಿಯಕ್ಕನಿಗೆ ಗೊತ್ತಿತ್ತು.

ಆಂಬುಲೆನ್ಸು ಬಂತು. ದೊಡ್ಡಾಸ್ಪತ್ರೆಯವರೆಗೆ ದಾರಿ ಮುಗಿಯಲೇ ಇಲ್ಲ ಅನ್ನಿಸಿತು. ಮಗಳು ಪ್ರೆಸ್ಸಿನಿಂದ ನೇರ ಅಲ್ಲಿಗೆ ಬಂದಳು, ಕೈಯಲ್ಲಿ ಇನ್ನೂ ಶಾಯಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ತಾಯಿ ಮಗಳು ಪಕ್ಕಪಕ್ಕದಲ್ಲಿ ಕೂತರು. ಮಗಳು ಗೋಡೆ ನೋಡುತ್ತಾ ಕೇಳಿದಳು.

"ಅಮ್ಮಾ, ನಾನು ಕೇಳಿದ್ದೆನಲ್ಲಾ?"

ಬೈದಿದ್ದರೆ ನೀಲಿಯಕ್ಕ ತಡೆದುಕೊಳ್ಳಬಹುದಿತ್ತು. ಮಗಳು ಬೈಯಲಿಲ್ಲ. ಮತ್ತೆ ಕೇಳಲೂ ಇಲ್ಲ.

ಕೂಸು ಉಳಿಯಿತು. ಅದಕ್ಕೆ ವೈದ್ಯರಿಗೂ ನರ್ಸುಗಳಿಗೂ ಕೈಮುಗಿಯಬೇಕು. ಆದರೆ ಕೂಸು ಕಣ್ಣು ಬಿಟ್ಟು ಹಾಲು ಕುಡಿದ ದಿನವೇ ಗಂಡನ ಫೋನು ಬಂತು. ಗಂಜಿ ಕೊಡಲು ಹೋದಾಗ ಎದುರು ಕೋಣೆಯ ಬಾಗಿಲು ತೆರೆಯಲಿಲ್ಲವಂತೆ. ಗುಂಡಿ ಅಜ್ಜಿ ಗೋಡೆಗೆ ಒರಗಿ ಕೂತೇ ಹೋಗಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲವೇನೋ. ತೊಡೆಯ ಮೇಲೆ ಯಾರದೋ ಅಂಗಿ. ಗುಂಡಿಯನ್ನು ಅರ್ಧ ಹೊಲಿದಿದ್ದಳು. ಸೂಜಿ ಬಟ್ಟೆಯಲ್ಲೇ ಇತ್ತು.

ಆ ಚಳಿಗಾಲದಲ್ಲಿ ದರ್ಜಿಯ ಅಪ್ಪನೂ ಹೋದ. "ವಯಸ್ಸಾಗಿತ್ತು" ಅಂದರು ಬೀದಿಯವರು. ವಯಸ್ಸಾಗಿತ್ತು, ನಿಜ. ಆದರೆ ವಯಸ್ಸಾದವರೆಲ್ಲ ಒಂದೇ ಚಳಿಗಾಲದಲ್ಲಿ ಹೋಗಲೇಬೇಕು ಅಂತ ಎಲ್ಲಿದೆ?

ಛತ್ರಿ ಅಕ್ಕ ಮತ್ತೆ ಬಂದಾಗ ಮುಂದಿನ ಕೋಣೆಯಲ್ಲಿ ಅಜ್ಜಿಯ ಮೂಲೆ ಖಾಲಿಯಿತ್ತು. ಬುಟ್ಟಿಯೂ ಖಾಲಿಯಿತ್ತು. ಮಗಳು ಕೂಸನ್ನು ಬೇರೆ ಯಾರೋ ನೋಡಿಕೊಳ್ಳುವ ಏರ್ಪಾಡು ಮಾಡಿಕೊಂಡಿದ್ದಳು. ನೀಲಿಯಕ್ಕ ಛತ್ರಿ ಅಕ್ಕನನ್ನು ಹಿತ್ತಲಿಗೆ ಕರೆದಳು. ಒಗೆಯುವ ಕಲ್ಲಿನ ಮೇಲೆ ಕೂರಿಸಿದಳು.

"ಅಕ್ಕಾ, ನನಗೆ ಗೊತ್ತಿತ್ತು," ಅಂದಳು. "ಎಲ್ಲಾ ಗೊತ್ತಿತ್ತು. ಗಂಟು ಬಿಚ್ಚಿದಾಗಲೇ ಗೊತ್ತಾಗಿತ್ತು."

ಎಲ್ಲವನ್ನೂ ಹೇಳಿದಳು. ಹೇಳುತ್ತಾ ಹೇಳುತ್ತಾ ಅತ್ತಳು.

"ತಪ್ಪು ನಿಮ್ಮೊಬ್ಬರದೇ ಅಲ್ಲ ನೀಲಿಯಕ್ಕಾ," ಅಂದಳು ಛತ್ರಿ ಅಕ್ಕ. "ನಾನೂ ಹೊಸ್ತಿಲಲ್ಲೇ ನಿಂತು ಕೇಳ್ದೆ, ಹೊಸ್ತಿಲಲ್ಲೇ ನಂಬ್ದೆ. ಅಜ್ಜಿ ಕೆಮ್ಮಿದ್ದು ನನ್ನ ಕಿವೀಗೂ ಬಿದ್ದಿತ್ತು."

ನೀಲಿಯಕ್ಕನ ಗಂಡ ಬಾಗಿಲಿಗೆ ಒರಗಿ ನಿಂತಿದ್ದ. "ಹೇಳಿದ್ರೆ ಏನಾಗ್ತಿತ್ತು ಅಕ್ಕಾ? ಕಾಯಿಲೆ ಬರೋದು ನಿಲ್ತಿತ್ತಾ?" ಅಂದ. ಈ ಸಲ ಅದು ಕುಚೋದ್ಯವಾಗಿರಲಿಲ್ಲ. ನಿಜವಾಗಿಯೂ ತಿಳಿಯಬೇಕಾಗಿತ್ತು.

"ಬರೋದು ನಿಲ್ತಿತ್ತು ಅಂತ ಸುಳ್ಳು ಹೇಳಲ್ಲ ಅಣ್ಣಾ. ಆದ್ರೆ ನಮ್ಮ ಬೀದಿಯ ಲೆಕ್ಕ, ಪಕ್ಕದ ಬೀದಿಯದು, ಔಷಧಿ ಅಂಗಡಿಯದು, ಆಚೆ ಊರಿಂದು, ಎಲ್ಲಾ ಒಂದು ಕಡೆ ಸೇರುತ್ತೆ. ಹೋದ ವರ್ಷ ಈ ಹೊತ್ತಲ್ಲಿ ಎಷ್ಟಿತ್ತು, ಈಗ ಎಷ್ಟಿದೆ ಅಂತ ನೋಡ್ತಾರೆ. ಜಾಸ್ತಿ ಅನ್ನಿಸಿದ್ರೆ ಬಂದು ಕೆಲವರ ಮೂಗು ಗಂಟಲಿಂದ ಮಾದರಿ ತಗೊಂಡು ಪರೀಕ್ಷೆ ಮಾಡ್ತಾರೆ. ಯಾವ ರೋಗ ಅಂತ ಗೊತ್ತಾದ್ರೆ ಮದ್ದು, ಆಮ್ಲಜನಕ ಯಾವ ಕಡೆ ಮೊದಲು ಹೋಗಬೇಕು ಅಂತ ಗೊತ್ತಾಗುತ್ತೆ. ಲಸಿಕೆ ಇರೋ ರೋಗ ಆದ್ರೆ ವಯಸ್ಸಾದವರನ್ನ, ಬಸುರಿಯರನ್ನ ಮೊದಲು ಕರೀತೀವಿ. ಎಳೆಕೂಸು ಇರೋ ಮನೆಗೆ, ಈಗ ಯಾರನ್ನೂ ಹತ್ರ ಬಿಡ್ಬೇಡಿ ಅಂತ ಹೇಳ್ತೀವಿ. ಅಜ್ಜಿಗೆ ಉಸಿರು ಸಾಲ್ತಿಲ್ಲ ಅಂತ ಒಂದು ಮಾತು ಬಂದಿದ್ರೆ, ಅವತ್ತೇ ಕರ್ಕೊಂಡು ಹೋಗ್ತಿದ್ವಿ."

ಗಂಡ ತಲೆ ತಗ್ಗಿಸಿದ. ಏದುಸಿರು ಅಂತ ಮೊದಲು ಅಂದವನು ಅವನೇ. ಅದನ್ನು ಹೆಂಡತಿಗೆ ಹೇಳಿದ್ದ, ಹೇಳಬೇಕಾದವರಿಗೆ ಹೇಳಿರಲಿಲ್ಲ.

"ಆದ್ರೆ ಗಿರಾಕಿಗಳ ಮನೆ ಗುಟ್ಟು..." ಅಂದಳು ನೀಲಿಯಕ್ಕ. "ನಂಬಿ ಕೊಡ್ತಾರೆ ಅಕ್ಕಾ. ಯಾರ ಮನೆ ಅಂತ ಹೇಗೆ ಹೇಳ್ಲಿ?"

"ಯಾರ ಮನೆ ಅಂತ ನನಗೆ ಹೇಳ್ಬೇಡಿ. ಯಾವ ಸಾಲು, ಸುಮಾರು ಎಷ್ಟು ಮನೆ, ಕೆಮ್ಮೋ ಭೇದಿಯೋ, ಅಷ್ಟು ಸಾಕು. ನಾನು ಆ ಸಾಲಲ್ಲಿ ಎಲ್ಲರ ಮನೆಗೂ ಹೋಗ್ತೀನಿ. ಯಾರು ಹೇಳಿದ್ದು ಅಂತ ಯಾರಿಗೂ ತಿಳಿಯಲ್ಲ. ಒಬ್ಬರ ಮಾನ ಕಳೆಯೋದು ಚಾಡಿ. ಹತ್ತು ಜನರ ಜೀವ ಕಾಯೋದು ಚಾಡಿಯಲ್ಲ."

ನೀಲಿಯಕ್ಕ ತನ್ನ ಬೆರಳುಗಳನ್ನು ನೋಡಿಕೊಂಡಳು. ಅತ್ತೆಯ ಮಾತು ಸುಳ್ಳಲ್ಲ. ಆದರೆ ಅತ್ತೆ ಹೇಳಿದ್ದು ಮನೆಗಳ ಮಾನದ ಮಾತು, ಪ್ರಾಣದ ಮಾತಲ್ಲ.

ಅಂದೇ ಅವಳು ಯಾವ ಸಾಲು, ಎಷ್ಟು ಮನೆ ಅಂತ ಹೇಳಿದಳು. ಮರುದಿನ ಆರೋಗ್ಯ ಕೇಂದ್ರದವರು ಬಂದರು. ಮಾದರಿ ತೆಗೆದರು. ಇನ್ನೂ ಕೆಲವು ಊರುಗಳಲ್ಲಿ ಎದ್ದಿದ್ದ ಫ್ಲೂ ಜ್ವರವೇ ಈ ಬೀದಿಯಲ್ಲೂ ಇತ್ತು ಅಂತ ಗೊತ್ತಾಯಿತು. ಉಳಿದ ಮುದುಕರಿಗೆ ಲಸಿಕೆ ಹಾಕಿದರು. ಗುಂಡಿ ಅಜ್ಜಿಗೆ ಹಾಕಬೇಕಾಗಿದ್ದ ಲಸಿಕೆ ಅದು. ಅವಳ ಕೋಣೆಗೆ ಬೀಗ ಬಿದ್ದಿತ್ತು.

ಗಂಡ ಇಸ್ತ್ರಿ ಮೇಜನ್ನು ಕಿಟಕಿಯ ಹತ್ತಿರ ಎಳೆದು, ಚಳಿಯಾದರೂ ಕಿಟಕಿ ತೆರೆದಿಟ್ಟ. ಕೆಮ್ಮುತ್ತಾ ಬಂದವರಿಗೆ ಬಾಗಿಲಲ್ಲೇ ಹೇಳುತ್ತಿದ್ದ: "ಗಂಟು ಅಲ್ಲೇ ಇಟ್ಟು ಹೋಗಿ ಮಾರಾಯ್ರೇ, ಬಟ್ಟೆ ಮನೆಗೆ ತಂದು ಕೊಡ್ತೀನಿ. ಬಾಯಿಗೆ ಬಟ್ಟೆ ಕಟ್ಕೊಳ್ಳಿ. ಉಸಿರು ಕಟ್ಟಿದ್ರೆ ನನ್ನ ಹತ್ರ ಬರ್ಬೇಡಿ, ಆಸ್ಪತ್ರೆಗೆ ಹೋಗಿ." ನೆಗಡಿಯ ಜೋಕನ್ನು ಅವನು ಮತ್ತೆ ಹೇಳಲಿಲ್ಲ.

ಚಳಿ ಹೋಯಿತು, ಬೇಸಿಗೆ ಬಂತು. ಮಗಳ ಮುನಿಸು ಮೆಲ್ಲಗೆ ಕರಗುತ್ತಿತ್ತು. ಒಂದು ದಿನ ಫೋನು ಮಾಡಿದಳು.

"ಅಮ್ಮಾ, ಪುಟ್ಟಿ ಅಂಬೆಗಾಲಿಡ್ತಿದ್ದಾಳೆ. ನಾಳೆ ಬರೋಣ ಅಂತ. ಬೀದಿ ಹೇಗಿದೆ?"

ನೀಲಿಯಕ್ಕ ಆ ಕರೆಗಾಗಿ ಎಷ್ಟು ಕಾದಿದ್ದಳು! ಅಜ್ಜಿ ಪೋಣಿಸಿದ್ದ ಗುಂಡಿಗಳ ಸರವನ್ನು ಕುದಿಸಿ ತೊಳೆದು, ಕೂಸಿಗಾಗಿ ಮೊಳೆಗೆ ತೂಗುಹಾಕಿದ್ದಳು. ಬಾಗಿಲಲ್ಲಿ ಅಂದೂ ಗಿರಾಕಿಗಳಿದ್ದರು. ಅವಳ ಎದುರಿಗೆ ಬಿಚ್ಚಿದ ಗಂಟಿತ್ತು. ಬೀದಿ ನಲ್ಲಿಯ ಪಕ್ಕದ ಸಾಲಿನಿಂದ ಎರಡು ದಿನದಿಂದ ಮಕ್ಕಳ ಚಡ್ಡಿ, ಹಾಸಿಗೆ ಬಟ್ಟೆ ರಾಶಿ ರಾಶಿ ಬರುತ್ತಿತ್ತು. ವಾಂತಿ, ಭೇದಿಯ ವಾಸನೆ. ಬೆಳಗ್ಗೆಯೇ ಛತ್ರಿ ಅಕ್ಕನಿಗೆ ಹೇಳಿ ಕಳಿಸಿದ್ದಳು.

ಅವಳು ಸರದ ಕಡೆ ನೋಡಿದಳು. ಆದರೂ ಗಟ್ಟಿಯಾಗಿಯೇ ಹೇಳಿದಳು.

"ಈ ವಾರ ಬರ್ಬೇಡ ಮಗಳೇ. ಬೀದೀಲಿ ಹೊಟ್ಟೆ ಕಾಯಿಲೆ ಎದ್ದಿದೆ. ನೀರು ಪರೀಕ್ಷೆ ಮಾಡ್ತಿದ್ದಾರೆ. ಆಮೇಲೆ ನಾನೇ ಹೇಳ್ತೀನಿ, ಆಗ ಬಾ."

ಆ ಕಡೆಯಿಂದ ಕೂಸು ಏನೋ ತೊದಲುವುದು ಕೇಳಿಸಿತು.

"ಸರಿ ಅಮ್ಮಾ," ಅಂದಳು ಮಗಳು. "ಹೇಳಿದೆಯಲ್ಲಾ, ಸಾಕು."

ನಲ್ಲಿಯ ಪೈಪು ಒಡೆದು ಚರಂಡಿ ನೀರು ಸೇರುತ್ತಿತ್ತು. ಎರಡೇ ದಿನದಲ್ಲಿ ಸರಿಮಾಡಿದರು. ನೀರು ಕುದಿಸಿ ಕುಡಿಯಿರಿ ಅಂತ ಮನೆಮನೆಗೂ ಸಾರಿದರು. ಬೇರೆ ಸಾಲುಗಳಲ್ಲಿ ಏನೂ ಆಗಲಿಲ್ಲ. ಏನೂ ಆಗದಿದ್ದುದಕ್ಕೆ ಯಾರೂ ಯಾರನ್ನೂ ಹೊಗಳಲಿಲ್ಲ. ನೀಲಿಯಕ್ಕ ಎಂದಿನಂತೆ ಬಟ್ಟೆ ಹಿಂಡಿ ಹರವಿದಳು. ಬಿಳಿ ದಾರದಲ್ಲಿ ಗುಂಡಿ ಹೊಲಿದಿದ್ದ ಒಂದು ಕೆಂಪು ಅಂಗಿ ಕೈಗೆ ಬಂದಾಗ ಮಾತ್ರ ಸ್ವಲ್ಪ ಹೊತ್ತು ಹಾಗೇ ನಿಂತಳು.

ಓದುತ್ತಿರುವ ಅಕ್ಕಂದಿರೇ, ಕೇಳುತ್ತಿರುವ ಅಣ್ಣಂದಿರೇ, ನಿಮ್ಮ ಬಾಗಿಲಿಗೂ ಒಬ್ಬರು ಬಂದು ಕೇಳುತ್ತಾರೆ: ಮನೆಯಲ್ಲಿ ಜ್ವರವೇ, ಕೆಮ್ಮೇ, ಭೇದಿಯೇ? "ಎಲ್ಲಾ ಚೆನ್ನಾಗಿದ್ದೀವಿ" ಅನ್ನುವ ಮುಂಚೆ ಒಮ್ಮೆ ಒಳಗೆ ತಿರುಗಿ ನೋಡಿ. ಇದ್ದರೆ ಇದೆ ಅನ್ನಿ. ಯಾರೂ ಬಂದು ಕೇಳದಿದ್ದರೆ ನೀವೇ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಅಕ್ಕಪಕ್ಕದಲ್ಲಿ ಒಂದೇ ಥರದ ಕಾಯಿಲೆ ಹಲವರಿಗೆ ಬಂದರಂತೂ ಕಾಯಬೇಡಿ. ಕೂಸು ಹಾಲು ಬಿಟ್ಟರೆ, ಉಸಿರೆಳೆದಾಗ ಪಕ್ಕೆ ಗುಳಿಬಿದ್ದರೆ, ಮುದುಕರಿಗೆ ಮಾತಾಡಲೂ ಉಸಿರು ಸಾಲದಿದ್ದರೆ, ಯಾರಿಗೇ ಆಗಲಿ ತುಟಿ ನೀಲಿಯಾದರೆ, ಆ ಕ್ಷಣವೇ ಆಸ್ಪತ್ರೆಗೆ ಹೊರಡಿ.

ನಿಮ್ಮ ಮನೆಯ ಒಂದು ನಿಜವಾದ ಮಾತಿಗಾಗಿ ಎಲ್ಲೋ ಒಂದು ಕೂಸು, ಯಾವುದೋ ಒಂಟಿ ಕೋಣೆಯಲ್ಲಿ ಒಬ್ಬ ಅಜ್ಜಿ ಕಾಯುತ್ತಿರಬಹುದು. ನಿಮ್ಮ ಬೀದಿಯಿಂದ ಸುಳ್ಳು ಸೊನ್ನೆ ಹೋಗದಿರಲಿ.